ದಾನವ್ವ ಆರಿಸಿದ ನೇರಳೆ ಬೆಳಕು

ನಾನು ಒಂದು ಲೇಸರ್. ಮೈ ಕಡಲೆಕಾಳಿಗಿಂತ ಚಿಕ್ಕದು, ಬೆಳಕು ನೇರಳೆ. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂಬ ಮಾತನ್ನು ನನ್ನನ್ನು ನೋಡಿಯೇ ಹೇಳಿದರೋ ಏನೋ! ಜಂಬ ಎನ್ನಬೇಡಿ. ನನ್ನ ಕಥೆ ಕೇಳಿ, ಆಮೇಲೆ ನೀವೇ ಒಪ್ಪುತ್ತೀರಿ.

ನಾನು ಹುಟ್ಟಿದ್ದು ಕಡಲಾಚೆಯ ಕಾರ್ಖಾನೆಯಲ್ಲಿ, ಧೂಳಿನ ಕಣಕ್ಕೂ ಪ್ರವೇಶವಿಲ್ಲದ ಕೋಣೆಯಲ್ಲಿ. ಡಿಸ್ಕ್ ಬರೆಯುವ ಪೆಟ್ಟಿಗೆಯೊಳಗೆ ಕುಳಿತು ಹಾವೇರಿಯ ಒಂದು ಫೋಟೊ ಸ್ಟುಡಿಯೊಗೆ ಬಂದೆ. ಮದುವೆಯ ವಿಡಿಯೊಗಳನ್ನು ಡಿಸ್ಕಿಗೆ ಇಳಿಸುವುದು ನನ್ನ ಕೆಲಸ. ಎಷ್ಟು ಮದುವೆಗಳಿಗೆ ದುಡಿದೆನೋ, ಒಂದರ ಊಟವೂ ಸಿಗಲಿಲ್ಲ! ಪೆನ್‌ಡ್ರೈವ್ ಬಂದ ಮೇಲೆ ಡಿಸ್ಕ್ ಕೇಳುವವರೇ ಇಲ್ಲವಾದರು. ಪೆಟ್ಟಿಗೆ ಗುಜರಿಗೆ ಹೋಯಿತು. ಅಲ್ಲಿಂದ ನನ್ನನ್ನು ಎತ್ತಿ ತಂದವಳು ಟಿ.ವಿ., ಮಿಕ್ಸಿ ರಿಪೇರಿ ಮಾಡುವ ದಾನವ್ವ.

ಅವಳ ಗಂಡ ಗುದ್ಲೆಪ್ಪ ದನದ ಸಂತೆಯ ದಲ್ಲಾಳಿ. ಬಾಯಿ ಇದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರಲ್ಲ, ಅಂಥ ಬಾಯಿ ಅವನದು. ಕಾಯಿಲೆ ಬಂದು, ಆಪರೇಷನ್ ಮಾಡಿ ಗಂಟಲಿನ ಧ್ವನಿಪೆಟ್ಟಿಗೆಯನ್ನೇ ತೆಗೆದುಬಿಟ್ಟರು. ಆಮೇಲೆ ಕುತ್ತಿಗೆಗೆ ಒತ್ತಿ ಹಿಡಿಯುವ ಪುಟ್ಟ ಯಂತ್ರವೇ ಅವನ ದನಿ. ಅದು ಗುಂಯ್ ಎನ್ನುವಾಗ ಬಾಯಿ ಆಡಿಸಿದರೆ ಮಾತು ಹೊರಡುತ್ತಿತ್ತು. ಒಂದು ದಿನ ಅದೂ ಎತ್ತು ನೀರು ಕುಡಿಯುವ ತೊಟ್ಟಿಗೆ ಬಿದ್ದು ಒಳಗಿನ ಸರ್ಕ್ಯೂಟ್ ಬೋರ್ಡ್ ಸುಟ್ಟುಹೋಯಿತು. ಮಾಡಿದ ಕಂಪನಿ ಯಾವಾಗಲೋ ಬಾಗಿಲು ಹಾಕಿತ್ತು. ಗುದ್ಲೆಪ್ಪ ಸಂತೆಗೆ ಹೋಗುವುದನ್ನೇ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗತೊಡಗಿದ.

"ಬೋರ್ಡ್ ನಾನ ಮಾಡ್ತೀನಿ, ಏಳ್ರಿ ಮ್ಯಾಲೆ," ಎಂದಳು ದಾನವ್ವ.

ಹಳೆಯ ಪ್ರಿಂಟರಿನ ಮೋಟರು, ಸರಳು ಜೋಡಿಸಿ ಬೋರ್ಡ್ ಮಾಡುವ ಯಂತ್ರ ಕಟ್ಟಿದಳು. ತಾಮ್ರದ ಹಾಳೆಗೆ ಒಂದು ಬಗೆಯ ಫಿಲ್ಮ್ ಅಂಟಿಸಿ ಲೇಸರಿನಿಂದ ಗೆರೆ ಎಳೆಯಬೇಕು. ಬೆಳಕು ತಾಗಿದ ಫಿಲ್ಮ್ ಗಟ್ಟಿಯಾಗಿ ಉಳಿಯುತ್ತದೆ, ಮಿಕ್ಕಿದ್ದು ಬಟ್ಟೆ ಒಗೆಯುವ ಸೋಡಾ ಕರಗಿಸಿದ ನೀರಿನಲ್ಲಿ ತೊಳೆದುಹೋಗುತ್ತದೆ. ಆದರೆ ಯಾವ ಲೇಸರ್? ಮೇಜಿನ ಮೇಲೆ ನಾವು ಮೂವರು: ಕಟ್ಟಿಗೆ ಸುಡುವ ದೈತ್ಯ ನೀಲಿ, ಮುದುಕ ಕೆಂಪು, ಮತ್ತು ನಾನು.

ಸಂತೆಯಲ್ಲಿ ದಲ್ಲಾಳಿಗಳು ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುತ್ತಾರೆ. ಮಾತು ಹೋದ ಗುದ್ಲೆಪ್ಪ ಮನೆಯಲ್ಲೂ ಅದನ್ನೇ ಹಿಡಿದಿದ್ದ. ಹೆಂಡತಿಯ ಕೈಗೆ ಟವೆಲ್ ಹೊದಿಸಿ ಬೆರಳು ಒತ್ತಿ, ಕಣ್ಣಿನಿಂದ ನೀಲಿಯನ್ನು ತೋರಿಸಿದ.

"ಕೋಡು ನೋಡಿ ಎತ್ತು ಕೊಳ್ತೀರೇನ್ರಿ? ನಡಸಿ ನೋಡೂಣು ತಡೀರಿ!"

ಕೆಂಪು ಎಷ್ಟು ಓಡಾಡಿದರೂ ಫಿಲ್ಮ್ ಅದನ್ನು ಕ್ಯಾರೇ ಅನ್ನಲಿಲ್ಲ. ನೀಲಿ ಹೊಗೆ ಎಬ್ಬಿಸಿ ಫಿಲ್ಮನ್ನೇ ಸುಟ್ಟಿತು. ನನ್ನ ಸರದಿ ಬಂತು. ಕೂದಲೆಳೆಯಂಥ ಗೆರೆ ಎಳೆದೆ ನೋಡಿ! ಅಯ್ಯೋ, ಸೋಡಾ ನೀರಿಗೆ ಬಿದ್ದದ್ದೇ ತಡ, ಗೆರೆಯೂ ತೊಳೆದುಹೋಯಿತು. ನನಗೆ ಅವಮಾನವಾಯಿತು.

ಗುದ್ಲೆಪ್ಪ ಟವೆಲ್ಲಿನ ಕೆಳಗೆ ಐದೂ ಬೆರಳು ಒತ್ತಿದ. ಏರಿಸು, ಕರೆಂಟ್ ಏರಿಸು! ಸಂತೆಯವನಿಗೆ ಏರಿಸುವುದೊಂದೇ ಗೊತ್ತು.

"ಏರಿಸಿದ್ರ ಇದು ಸತ್ತಹೋಕ್ಕೈತಿ. ಬೆಳಕು ಇಷ್ಟ ಇರ್ಲಿ. ಸಾವಕಾಶ ನಡಸೂಣು."

ಯಂತ್ರ ಬಸವನ ಹುಳುವಿನಂತೆ ಸಾಗಿತು. ಈ ಸಲ ಗೆರೆಗಳು ಒಂದೂ ಅಲುಗಲಿಲ್ಲ. ದಾನವ್ವ ಗೆರೆಗಳ ಅಡಿಯದನ್ನು ಬಿಟ್ಟು ಬೇಡದ ತಾಮ್ರವನ್ನು ರಾಸಾಯನಿಕದಲ್ಲಿ ಕರಗಿಸಿ, ಬಿಡಿಭಾಗಗಳನ್ನು ಬೆಸೆದು, ಬೋರ್ಡನ್ನು ಗಂಡನ ಯಂತ್ರದೊಳಗೆ ಕೂರಿಸಿದಳು. ಗುದ್ಲೆಪ್ಪ ಅದನ್ನು ಕುತ್ತಿಗೆಗೆ ಒತ್ತಿದ. ಗುಂಯ್!

"ಮುಂಜಾನಿ ಚಾಕ್ಕ ಸಕ್ರಿ ಕಮ್ಮಿ ಆಗಿತ್ತು."

ದಾನವ್ವ ನಕ್ಕಳು, ನಗುತ್ತಲೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ನನಗೂ ತಡೆಯಲಾಗದಷ್ಟು ಸಂತೋಷವಾಯಿತು.

ಆಮೇಲೆ ಇನ್ನೂ ಎಷ್ಟೋ ಬೋರ್ಡ್ ಬರೆದೆ. ಈಗ ನನ್ನ ಬೆಳಕು ಮಂಕಾಗಿದೆ, ವಾಸ ಕಪಾಟಿನ ಮೂಲೆಯ ಡಬ್ಬಿಯಲ್ಲಿ. ನನ್ನ ಜಾಗಕ್ಕೆ ದಾನವ್ವ ತಂದದ್ದೂ ನೇರಳೆ ಲೇಸರನ್ನೇ. ಬೇಸರವಿಲ್ಲ. ಜೋರು ಇದ್ದವರು ಬಹಳ ಮಂದಿ. ತಕ್ಕ ಕೆಲಸಕ್ಕೆ ತಕ್ಕಷ್ಟು ಬೆಳಕು ನನ್ನಲ್ಲಿತ್ತು.

ಸಂಜೆ ಸಂತೆಯಿಂದ ಬಂದವನೇ ಗುದ್ಲೆಪ್ಪ ಯಂತ್ರವನ್ನು ಕುತ್ತಿಗೆಗೆ ಒತ್ತಿ ಹೊರಗಿನಿಂದ ಕೂಗುತ್ತಾನೆ: "ದಾನವ್ವಾ, ಎಲ್ಲಿದ್ದಿ?" ಅವಳು ಇಲ್ಲೇ ನನ್ನ ಪಕ್ಕದಲ್ಲೇ ಇರುತ್ತಾಳೆ. ಕೈಯಲ್ಲಿನ ಕೆಲಸವನ್ನೂ ನಿಲ್ಲಿಸಿರುತ್ತಾಳೆ. ಆದರೂ ಓ ಎನ್ನುವುದಿಲ್ಲ. ಅವನು ಇನ್ನೊಮ್ಮೆ ಕೂಗಲಿ ಎಂದು ಕಾಯುತ್ತಾಳೆ.