ಏಳನೇ ಕಲ್ಲು

ನನ್ನ 7 ದೊಡ್ಡಪ್ಪನ 7ರ ಹಾಗೆ ಬರುವುದಿಲ್ಲ. ಅವರು ಅದರ ಹೊಟ್ಟೆಗೆ ಒಂದು ಅಡ್ಡಗೆರೆ ಎಳೆಯುತ್ತಾರೆ. ನಾನು ಎಳೆದರೆ ಗೆರೆ ಸೊಟ್ಟಗಾಗುತ್ತದೆ. ಇವತ್ತಿನವರೆಗೂ ಇದನ್ನು ಡೈರಿಗಲ್ಲದೆ ಇನ್ಯಾರಿಗೂ ಹೇಳಿರಲಿಲ್ಲ.

ದೊಡ್ಡಪ್ಪ ಭೂವಿಜ್ಞಾನಿ. ಧ್ರುವದ ಹಿಮದ ನಡುವೆ ಎದ್ದುನಿಂತ ಒಂದು ಬಂಡೆಗೋಡೆಯ ಬುಡದಿಂದ ತುದಿಯವರೆಗೆ ಹದಿನಾಲ್ಕು ಕಲ್ಲು ಒಡೆದು ತಂದವರು. ವಾಪಸು ಬರುವಾಗ ಭಾರ ತಾಳದೆ ಡೇರೆ ಬಿಸಾಕಿದರು, ಕಲ್ಲು ಬಿಸಾಕಲಿಲ್ಲ. ಬಲಗಾಲಿನ ಮೂರು ಬೆರಳನ್ನು ಹಿಮ ತಿಂದಿತು. ಯಾವ ಕಲ್ಲು ಯಾವ ಪದರದ್ದು ಎಂಬ ಕ್ರಮದ ಮೇಲೆಯೇ ಅವರ ಮೂವತ್ತು ವರ್ಷದ ವಾದ ನಿಂತಿದೆ. ಆ ಕ್ರಮ ಉಳಿದಿದ್ದು ಕಲ್ಲಿನ ಮೇಲೆ ಅವರು ಶಾಯಿಯಲ್ಲಿ ಬರೆದ ಅಂಕಿಯಲ್ಲಿ.

ಕಣ್ಣು ಮಂಜಾದ ಮೇಲೆ ಪಟ್ಟಿ ಮಾಡಲು ನನ್ನನ್ನು ಕರೆಸಿಕೊಂಡರು. ಬಿ.ಎ. ಓದಿದವಳಿಗೆ ಕಲ್ಲೆಂದರೆ ಕಲ್ಲು. ಮೊದಲ ದಿನವೇ, ಒಳ್ಳೆಯವಳೆನಿಸಿಕೊಳ್ಳುವ ಆಸೆಗೆ, ಎಲ್ಲವನ್ನೂ ಸೋಪು ಹಾಕಿ ತಿಕ್ಕಿ ತೊಳೆದೆ. ಬಕೆಟ್ಟಿನ ನೀರು ನೀಲಿಯಾದಾಗಲೇ ಅಂಕಿಗಳು ಅಳಿಸಿಹೋದದ್ದು ತಿಳಿಯಿತು.

ಅವರ ಟಿಪ್ಪಣಿ ಪುಸ್ತಕದ ಚಿತ್ರ ನೋಡಿ ಹನ್ನೊಂದನ್ನು ಗುರುತಿಸಿದೆ. ಉಳಿದ ಮೂರು ಒಂದೇ ಬಸಿರಿನ ಮಕ್ಕಳ ಹಾಗಿದ್ದವು. ದೇವರೇ ಗತಿಯೆಂದು 6, 7, 8 ಬರೆದೆ. ದೊಡ್ಡಪ್ಪನ ವಾದವೆಲ್ಲ ನಿಂತಿದ್ದು ಆ ಮೂರರ ಮೇಲೆಯೇ.

ಇವತ್ತು ಪ್ರಯೋಗಾಲಯದವಳು ಪೆಟ್ಟಿಗೆ ಒಯ್ಯಲು ಬಂದಳು. ಕಲ್ಲು ಕೊಯ್ದು ನೋಡುತ್ತಾರಂತೆ.

"ಹುಷಾರಮ್ಮಾ, ನನ್ನ ಮೂರು ಬೆರಳಿಗಿಂತ ದುಬಾರಿ ಅವು," ಎಂದರು ದೊಡ್ಡಪ್ಪ.

"ನನ್ನ ಕೈ ಹಿಡಿದಾಗ್ಲೂ ಇಷ್ಟು ಮುತುವರ್ಜಿ ಇರ್ಲಿಲ್ಲ," ದೊಡ್ಡಮ್ಮ ಒಳಗಿನಿಂದ ಚುಚ್ಚಿದರು.

"ನೀನು ಕಲ್ಲಿಗಿಂತ ಗಟ್ಟಿ ಕಣೇ!"

ಎಲ್ಲರೂ ನಕ್ಕರು. ನಾನು ಪೆಟ್ಟಿಗೆಯನ್ನೇ ನೋಡುತ್ತಿದ್ದೆ. ಫಲಿತಾಂಶ ವಿರುದ್ಧ ಬಂದರೆ ಲೋಕ ಅವರನ್ನು ಸುಳ್ಳರೆನ್ನುತ್ತದೆ. ಪರವಾಗಿ ಬಂದರೆ, ನಾನು ಊಹಿಸಿ ಬರೆದ ಅಂಕಿಯಿಂದ, ನಾನೇ ಅವರನ್ನು ಸುಳ್ಳರನ್ನಾಗಿ ಮಾಡಿದಂತೆ.

"ಪುಟ್ಟೀ, ಏಳನೇದು ಕೊಡು. ಒಂದ್ಸಲ ಮುಟ್ಟಿ ಕಳಿಸ್ತೀನಿ."

ಕೊಟ್ಟೆ. ಹೆಬ್ಬೆರಳಿನಿಂದ ಸವರಿದರು. ಮುಖ ಅರಳಿತು. "ಇದೇ ಕಣೇ. ಇದನ್ನ ಒಡೆಯೋವಾಗ ಕೈಗವಸು ಹರಿದಿತ್ತು. ಹೇಗ್ ಮರೀಲಿ?"

ಹೋದ ವಾರ, ಅವರ ಬೆರಳಾದರೂ ಗುರುತು ಹಿಡಿದೀತೆಂದು, ಏಳನೆಯದು ಎಂದು ಹೇಳಿ ಬೇರೆ ಕಲ್ಲು ಕೊಟ್ಟಿದ್ದೆ. ಆಗಲೂ ಇದೇ ಮಾತು, ಇದೇ ಕೈಗವಸು.

ಪ್ರಯೋಗಾಲಯದವಳು ಅದನ್ನೂ ಒಳಗಿಟ್ಟು ಪೆಟ್ಟಿಗೆಗೆ ಟೇಪು ಸುತ್ತತೊಡಗಿದಳು. ನಾನು ಮುಚ್ಚಳದ ಮೇಲೆ ಕೈಯಿಟ್ಟೆ.

"ದೊಡ್ಡಪ್ಪಾ, ಆ ನಂಬರು ನೀವು ಬರೆದಿದ್ದಲ್ಲ. ಕಲ್ಲೆಲ್ಲ ತೊಳೆದ್ಬಿಟ್ಟು, ನಾನೇ ಬರೆದಿದ್ದು."