ದಿಡ್ಡಿ ಬಾಗಿಲಿದ್ದ ಜಾಗ

ಟಕ್, ಟಕ್. ಕಲ್ಲಿಗೆ ಕೋಲು ತಾಗಿದ ಸಣ್ಣ ಸದ್ದು.

ಥಾಮಸಿನ್ ಎದ್ದು ಕುಳಿತಳು. ಕೆಥೆಡ್ರಲ್‌ನ ರಾತ್ರಿಗಂಟೆ ಬಾರಿಸಿ ಬಹಳ ಹೊತ್ತಾಗಿತ್ತು. ಪಕ್ಕದಲ್ಲಿ ಮಲಗಿದ್ದ ಅಕ್ಕ ಪ್ರುಡೆನ್ಸ್ ಗೊಣಗಿದಳು.

“ಮತ್ತೆ ಎದ್ದೆಯೇನೇ? ಹೆಬ್ಬಾಗಿಲೇ ಹೋಯ್ತು, ಇನ್ನು ಬಡಿಯೋರು ಯಾರು? ನಿನ್ನ ಗಿಲ್ಬರ್ಟಾ?”

“ಬೆಕ್ಕಿರಬೇಕಕ್ಕಾ.”

“ಹೂಂ, ಕೋಲೂರ್ಕೊಂಡು ಬಂದಿರಬೇಕು. ನೋಡ್ಕೊಂಡು ಬೇಗ ಬಾ.”

ಕೆಥೆಡ್ರಲ್ ಸುತ್ತಿನ ಕೋಟೆಗೋಡೆಗೆ ಇದ್ದ ಹೆಬ್ಬಾಗಿಲುಗಳನ್ನು ಸಾರೋಟು ಹಾಯುವುದಿಲ್ಲವೆಂದು ಒಂದೊಂದಾಗಿ ಕೆಡವಿದ್ದರು. ಈ ವಸಂತದಲ್ಲಿ ಕಡೆಯದೂ ಬಿತ್ತು. ಅದರ ಮೇಲಿನ ಕೋಣೆಯಲ್ಲೇ ಅಕ್ಕತಂಗಿಯರು ಹುಟ್ಟಿ ಬೆಳೆದದ್ದು, ಈಗ ವಾಸ ಪಕ್ಕದ ಮನೆಯಲ್ಲಿ; ಸಾಯುವವರೆಗೂ ಅದನ್ನು ಕಾದವನು ಅವರ ಅಪ್ಪ ಜಾನ್. ರಾತ್ರಿಗಂಟೆ ಬಾರಿಸಿದ ಮೇಲೆ ಹೆಬ್ಬಾಗಿಲೊಳಗಿನ ಗಿಡ್ಡ ದಿಡ್ಡಿ ಬಾಗಿಲು ತೆರೆಯುತ್ತಿದ್ದುದು ಹೆಸರು ಹೇಳಿದ ಒಳಗಿನವರಿಗೆ ಮಾತ್ರ. ಗಿಲ್ಬರ್ಟ್ ಹೊರಗಿನವನು, ಕಲ್ಲುಕುಟಿಗ. ಶರತ್ಕಾಲದ ಸಂತ ಮೈಕೆಲ್ ಹಬ್ಬಕ್ಕೆ ಬಂದು ಮದುವೆಯಾಗುತ್ತೇನೆಂದು ಹೋದವನು ಬರಲಿಲ್ಲ. ಸತ್ತನೋ, ಮರೆತನೋ? ಥಾಮಸಿನ್‌ಳ ತಲೆ ನರೆತರೂ ಆ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿತ್ತು.

ಹೊರಗೆ ತೆಳು ಬೆಳದಿಂಗಳು. ಹೆಬ್ಬಾಗಿಲಿನ ಮೋಟುಗಲ್ಲಿನ ಬಳಿ ಮುದುಕ ಹ್ಯಾಮ್ಲಿನ್ ನಿಂತಿದ್ದ. ಕೆಥೆಡ್ರಲ್‌ನಲ್ಲಿ ದೀಪ ಹಚ್ಚಿ ಹಚ್ಚಿ ಮುದುಕನಾದವನು, ಅಪ್ಪನ ಜೊತೆಗಾರ. ಎದುರಿಗೆ ದಾರಿ ಬಟಾಬಯಲು. ಹಗಲಲ್ಲೂ ಎಷ್ಟೋ ಜನ ಅಲ್ಲಿ ಅಭ್ಯಾಸಬಲದಿಂದ ತಲೆ ಬಗ್ಗಿಸಿ, ಆಮೇಲೆ ತಮಗೆ ತಾವೇ ನಗುತ್ತಿದ್ದರು. ಇವನು ನಗಲಿಲ್ಲ, ಹೆಜ್ಜೆಯನ್ನೂ ಇಡಲಿಲ್ಲ.

“ತೆಗೀಪ್ಪಾ ಜಾನ್, ಚಳಿ ಕೊಲ್ತಿದೆ.”

ಮುದುಕನಿಗೆ ಇನ್ನೂ ಹಳೆಯ ಕಾಲವೇ ನಡೆಯುತ್ತಿದೆಯೆಂದು ಅವಳಿಗೆ ತಿಳಿಯಿತು. ಅಪ್ಪನ ಧಾಟಿಯಲ್ಲೇ ಕೇಳಿದಳು: “ಯಾರಲ್ಲಿ?”

“ಹ್ಯಾಮ್ಲಿನ್. ಒಳಗಿನವನೇ.”

“ಬಾ.”

ಮುದುಕ ನಡು ಬಗ್ಗಿಸಿ, ಇಲ್ಲದ ಹೊಸ್ತಿಲನ್ನು ಕಾಲೆತ್ತಿ ದಾಟಿದ. ದಾಟಿದವನೇ ಅವಳ ತೋಳು ಹಿಡಿದು ಪಿಸುಗುಟ್ಟಿದ.

“ಆ ಕಲ್ಲುಕುಟಿಗ ಹುಡುಗ ಇನ್ನೂ ಹೊರಗೆ ನಿಂತು ಅಳ್ತಿದ್ದಾನಲ್ಲೋ. ನಿನ್ನ ಮಗಳಿಗೆ ಬೇರೆ ಕಡೆ ಮದುವೆ ಆಯ್ತು ಅಂದ್ಯಂತೆ? ಮೇಲೆ ಮಲಗಿರೋ ಹುಡುಗಿ ಬಗ್ಗೆ ಇಂಥಾ ಸುಳ್ಳಾ? ಪಾಪ ಕಣೋ ಜಾನ್.”

ಥಾಮಸಿನ್ ಅವನತ್ತ ಬಾಗಿದಳು. “ಏನು ಮಾಡಿದ ಅವನು?” ಎಂದಳು, ತೀರ ಮೆಲ್ಲಗೆ.

“ಏನು ಮಾಡ್ತಾನೆ? ಮೇಲಿನ ಕಿಟಕಿ ನೋಡ್ತಾ ನಿಂತಿದ್ದಾನೆ.”

ಅವಳು ಹೊರಳಿ ನೋಡಿದಳು. ಕಿಟಕಿಯಿದ್ದ ಜಾಗದಲ್ಲಿ ನಕ್ಷತ್ರಗಳಿದ್ದವು. ಕೆಳಗಿನ ರಸ್ತೆ ಖಾಲಿಯಿತ್ತು. ಆದರೂ ಹೋಗಿ, ಅವನು ನಿಂತಿದ್ದಿರಬಹುದಾದ ಕಡೆ ಒಂದು ಗಳಿಗೆ ನಿಂತಳು. ಬಂದಿದ್ದ. ಗಿಲ್ಬರ್ಟ್ ಹೇಳಿದ ಮಾತಿನಂತೆ ಬಂದೇ ಬಂದಿದ್ದ.

ಹ್ಯಾಮ್ಲಿನ್‌ನನ್ನು ಅವನ ಮನೆ ಬಾಗಿಲಿನವರೆಗೆ ಬಿಟ್ಟು ಹಿಂತಿರುಗಿದಾಗ ಪ್ರುಡೆನ್ಸ್ ಎದ್ದು ಕುಳಿತಿದ್ದಳು.

“ಯಾರೇ ಅದು, ಇಷ್ಟು ಹೊತ್ತು?”

ದಿನವೂ ಪ್ರಾರ್ಥನೆಯಲ್ಲಿ ಅಪ್ಪನ ಹೆಸರನ್ನು ಮೊದಲು ಹೇಳುವವಳು ಪ್ರುಡೆನ್ಸ್. ಈ ಸುಳ್ಳಿನ ವಿಷಯ ತಿಳಿದರೆ ಅಪ್ಪನ ಪರ ವಾದಿಸುತ್ತಾಳೆ, ಇಲ್ಲವೇ ಕುಸಿದು ಹೋಗುತ್ತಾಳೆ. ಎರಡರಲ್ಲಿ ಯಾವುದೇ ಆದರೂ, ಗಿಲ್ಬರ್ಟ್ ಬಂದದ್ದು ತನಗೊಬ್ಬಳಿಗೇ ಉಳಿಯುವುದಿಲ್ಲ.

“ಯಾರೂ ಇಲ್ಲಕ್ಕಾ,” ಎಂದಳು ಥಾಮಸಿನ್. ಇನ್ನು ಯಾರು ಕೇಳಿದರೂ ಇಷ್ಟೇ ಹೇಳುವುದೆಂದು ನಿಶ್ಚಯಿಸಿ ಹೊದಿಕೆಯನ್ನು ಮುಖದ ಮೇಲೆಳೆದುಕೊಂಡಳು.