ಇದ್ದಲಿಗೆ ನೀರು

"ಏ ಬಸ್ಸಿ, ಕಣ್ಣು ಕಳಕೊಂಡೀಯೇನಬೇ? ಆ ಗಾಡಿ ಇನ್ನಾ ಒಣಗೇ ಐತಿ. ಸುರೀಲೇ, ರಂಡೆ!"

ಕರಿಬಸಯ್ಯ ಬೇವಿನ ನೆರಳಲ್ಲಿ ಮಂಚ ಹಾಕಿಕೊಂಡು ಕೂತು ನನ್ನನ್ನು ಬಯ್ಯುತ್ತಿದ್ದ. ಇದ್ದಲು ಗುತ್ತೇದಾರನ ಮೇಸ್ತ್ರಿ ಅವನು. ರಾಯಚೂರಿನ ರೈಲು ಸ್ಟೇಷನ್ನಿನಿಂದ ಸಿಂಧನೂರು, ಮಸ್ಕಿ ದಾಟಿ ದಿನಗಟ್ಟಲೆ ಎತ್ತಿನ ಗಾಡಿಯಲ್ಲಿ ಕುಲುಕಿ ಬರುವ ಕಲ್ಲಿದ್ದಲು, ಕರೆಂಟು ಹುಟ್ಟಿಸುವ ಲಿಂಗಸುಗೂರಿನ ಬಿಜಲೀಘರಕ್ಕೆ ಹೋಗುವ ಮುಂಚೆ ಗುತ್ತೇದಾರನ ಈ ಬಾವಿಯ ಹತ್ತಿರ ನಿಲ್ಲಬೇಕು. ಗಾಡಿಗೆ ಇಪ್ಪತ್ತು ಕೊಡ ನೀರು ಕುಡಿದು ಮುಂದಕ್ಕೆ ಹೋಗಬೇಕು. ಬಿಜಲೀಘರದವರು ಕೊಳ್ಳುವುದು ತೂಕ ನೋಡಿ, ಉರಿ ನೋಡಿ ಅಲ್ಲ. ನಿಜಾಮರ ಸೀಮೆಯ ವ್ಯಾಪಾರ ಇದು.

ಬಾವಿಕಟ್ಟೆಯನ್ನು ನಾವು ಮುಟ್ಟುವಂತಿಲ್ಲ. ಗುತ್ತೇದಾರನ ಆಳು ಸೇದಿ ಮೇಲಿನಿಂದ ಸುರಿಯುತ್ತಾನೆ, ನಮ್ಮ ಕೇರಿಯ ಐದು ಹೆಂಗಸರು ಕೆಳಗೆ ಕೊಡ ಹಿಡಿಯುತ್ತೇವೆ. ನಮ್ಮ ಕೈ ತಾಕಿದ ನೀರಿನಿಂದ ಇದ್ದಲಿಗೆ ಮಾತ್ರ ಮೈಲಿಗೆ ಆಗುವುದಿಲ್ಲ ನೋಡಿ! ಸುಡುಗಾಡು ಬುದ್ಧಿ.

ಅಷ್ಟೇ ಆಗಿದ್ದರೆ ಬಾಯಿ ಮುಚ್ಚಿಕೊಂಡು ಸುರಿಯುತ್ತಿದ್ದೆ. ಆದರೆ ನನ್ನ ಗಂಡ ದುರುಗಪ್ಪ ಅದೇ ಬಿಜಲೀಘರದ ಒಲೆಯ ಮುಂದೆ ಸಲಿಕೆ ಹಿಡಿದು ನಿಲ್ಲುವವನು. ನಾನು ಹಗಲೆಲ್ಲ ತೋಯಿಸಿದ್ದನ್ನು ಅವನು ಸಂಜೆಗೆ ಉರಿಸಬೇಕು. ಉರಿಯುತ್ತದೆಯೇ ಅದು? ಬರೀ ಹೊಗೆ. ಉಗಿ ಇಳಿದು ಜಿಲ್ಲೆಯ ದೊಡ್ಡ ಸಾಹೇಬ ತಾಲೂಕ್ದಾರರ ಬಂಗ್ಲೆಯ ದೀಪ ಮಂಕಾಗುತ್ತದೆ. ಅಲ್ಲಿಂದ ಜವಾನ ಓಡಿ ಬರುತ್ತಾನೆ, ಬಿಜಲೀಘರದ ಮೇಲ್ವಿಚಾರಕ ದಾರೋಗಾ ಬೆತ್ತ ಎತ್ತುತ್ತಾನೆ. ಎಂಟು ದಿನದಲ್ಲಿ ಮೂರು ಸಲ ಹೊಡೆದಿದ್ದಾನೆ. ನಿನ್ನೆ ಬೆನ್ನಿಗೆ ಎಣ್ಣೆ ಹಚ್ಚುವಾಗ ದುರುಗಪ್ಪ ಹೇಳಿದ: "ಇನ್ನೊಮ್ಮೆ ದೀಪ ಮಂಕಾದ್ರ ಜೇಲಿಗೆ ಹಾಕಸ್ತೀನಿ ಅಂದಾನ."

ಕೊಡ ಕೆಳಗಿಟ್ಟು ಕರಿಬಸಯ್ಯನ ಕಡೆ ತಿರುಗಿದೆ.

"ಅಯ್ಯಾರ, ಇವತ್ತೊಂದಿನ ಒಣಾದು ಕಳಸ್ರಿ. ನನ್ನ ಗಂಡನ್ನ ಸಾಯಹೊಡಿಯಾಕತ್ತಾರ್ರೀ."

"ಮೈಗಳ್ಳ ಅದಾನ, ಹೊಡೀತಾರ."

"ಹಸೀದು ಹೆಂಗ ಉರೀತೈತ್ರೀ?"

ಅವನಿಗೆ ನಗು ಬಂತು. "ಉರೀಬಾರ್ದಬೇ, ಹುಚ್ಚಿ! ಒಂದು ಗಾಡಿ ಸುಡೋ ಕಡೆ ಎರಡು ಗಾಡಿ ಬೇಕಾಗ್ತಾವ. ತರೋರು ಯಾರು? ನಾವು. ದಾರೋಗಾ ಸಾಹೇಬ್ರಿಗೂ ಇದರಾಗ ಪಾಲೈತಿ. ನಿನಗೂ ಕೂಲಿ ಐತಿ. ಯಾರಿಗೇನು ನುಕ್ಸಾನ, ಹೇಳು?"

ಯಾರಿಗೇನು ನುಕ್ಸಾನವಂತೆ! ನನ್ನ ಗಂಡನ ಬೆನ್ನು ಇವರ ಕಣ್ಣಿಗೆ ಬೆನ್ನೇ ಅಲ್ಲ.

"ಬಾಯಿ ಮಾಡಿದ್ದಕ್ಕ ಇವತ್ತ ಐದು ಕೊಡ ಜಾಸ್ತಿ ಹಾಕು," ಎಂದ.

ಹಾಕಿದೆ. ಕೊನೆಯ ಕೊಡವನ್ನು ಮಾತ್ರ ಸುರಿಯದೆ ತಲೆಯ ಮೇಲಿಟ್ಟುಕೊಂಡು ಗಾಡಿಯ ಹಿಂದೆ ಹೊರಟೆ.

"ಆ ಕೊಡ ಎಲ್ಲಿಗೆ ಒಯ್ಯಾಕತ್ತೀ?"

"ಬಿಜಲೀಘರಕ್ಕ ರೀ."

"ಹ್ಞಾಂ, ಶಾಣ್ಯಾಕಿ! ತೂಕಕ್ಕ ಹಾಕೋ ಮುಂದ ಇನ್ನೊಂದೀಟು ಚಿಮುಕಸು."

ಪಕ್ಕದಲ್ಲಿದ್ದ ಮುದುಕಮ್ಮ ನನ್ನ ಮುಖವನ್ನೇ ನೋಡಿದಳು. ತಾನೂ ಒಂದು ಕೊಡ ತುಂಬಿಸಿಕೊಂಡು ಬಂದಳು. ಉಳಿದ ಮೂವರೂ ಬಂದರು.

ನಾವು ಬಿಜಲೀಘರ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಇದ್ದಲು ತೂಗಿ ಒಳಗೆ ಹೋಯಿತು. ಸ್ವಲ್ಪ ಹೊತ್ತಿಗೇ ಒಲೆಯ ಮನೆಯಿಂದ ದಾರೋಗಾನ ಗಂಟಲು ಕೇಳಿಸಿತು.

"ಹರಾಮ್‌ಖೋರ್! ಉಗಿ ಎಲ್ಲಿ ಐತಲೇ?"

ಬೆತ್ತ ಬಿದ್ದ ಸದ್ದಾಯಿತು. ನಾನು ಒಳಗೆ ನುಗ್ಗಿದೆ, ಉಳಿದ ನಾಲ್ವರೂ ಹಿಂದೆಯೇ ಬಂದರು. ಹೊಗೆ ತುಂಬಿ ಕಣ್ಣು ಉರಿಯುತ್ತಿತ್ತು. ದುರುಗಪ್ಪ ಬರಿಮೈಯಲ್ಲಿ ಬಗ್ಗಿ ನಿಂತಿದ್ದ. ನಿನ್ನೆಯ ಬಾಸುಂಡೆಗಳ ಮೇಲೆಯೇ ಇವತ್ತಿನವು ಎದ್ದಿದ್ದವು.

ದಾರೋಗಾ ತಿರುಗಿದ. "ಏ, ಹೆಂಗಸರು ಒಳಗ್ಯಾಕ ಬಂದ್ರಿ? ನೀರ್ಯಾಕ?"

ನಾನು ಗಂಡನ ಮುಖ ನೋಡಿದೆ. ಅವನು ನನ್ನ ತಲೆಯ ಮೇಲಿನ ಕೊಡ ನೋಡಿದ. ಆಮೇಲೆ ಸಲಿಕೆಯ ತುದಿಯಿಂದ ಒಲೆಯ ಕಬ್ಬಿಣದ ಬಾಗಿಲನ್ನು ತಾನೇ ಪೂರ್ತಿ ತೆರೆದ.

"ದಿನಾ ಇದ್ದಲದಾಗ ಸೇರಿಸಿ ಕಳಸ್ತಿದ್ದೆ ಸಾಹೇಬ್ರ," ಎಂದೆ. "ಇವತ್ತ ನಾನೇ ತಂದೀನಿ."

ಕೊಡ ಬೋರಲು ಹಾಕಿದೆ. ಒಲೆ ಬುಸ್ಸೆಂದಿತು. ಬಿಸಿ ಬೂದಿ ನಮ್ಮೆಲ್ಲರ ಮೈಮೇಲೆ ಹಾರಿತು. ಹೊರಗೆ ದೀಪ ಆರಿದ ಬಂಗ್ಲೆಯ ಕಡೆಯಿಂದ ಯಾರೋ "ಬತ್ತೀ! ಬತ್ತೀ!" ಎಂದು ಕೂಗತೊಡಗಿದರು. ದಾರೋಗಾ ಬೆತ್ತ ಎತ್ತಿ ನನ್ನ ಕಡೆ ಬಂದ.

"ಆ ಕಡೆ ಸರಿಯೇ ಬಸ್ಸಿ," ಎಂದಳು ಮುದುಕಮ್ಮ, ಒಲೆಯ ಬಾಯಿಗೆ ತನ್ನ ಕೊಡ ಎತ್ತಿ.